ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ತಳ



ಅಲ್ ಐನ್‌ನಲ್ಲಿರುವ ನಮ್ಮನ್ನು ಕಂಡರೆ ದುಬೈ, ಶಾರ್ಜಾ ಕಡೆಯ ಗೆಳೆಯರಿಗೆ ಏನೋ ಒಂದು ಕನಿಕರ. "ನಿಮ್ಮಲ್ಲಿ ಎಲ್ಲಾ ಇದೆ, ಬೀಚ್ ಒಂದು ಇಲ್ಲ ನೋಡಿ" ಅನ್ನುತ್ತಾರೆ. ನಿಜವೇ. ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಬಂದವರಿಗಂತೂ ಇದು ದೊಡ್ಡ ಕೊರತೆ. ಅಲೆಯ ಸದ್ದು ಕೇಳಬೇಕೆಂದರೆ ಒಂದೂವರೆ ಗಂಟೆ ಕಾರು ಓಡಿಸಬೇಕು. ನಾನು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನವನು, ಬಯಲುಸೀಮೆಯವನು. ನನಗೆ ಆ ಕೊರತೆ ಅಷ್ಟಾಗಿ ಕಾಡಿಲ್ಲ. ಆದರೂ ಯಾರಾದರೂ ಹಾಗೆ ಅಂದಾಗಲೆಲ್ಲ ನಾನು ಕೊಡುವ ಉತ್ತರ ಒಂದೇ: "ನಮಗೆ ಸಮುದ್ರ ಇಲ್ಲ ಸ್ವಾಮಿ, ಸಮುದ್ರದ ತಳ ಇದೆ!"

ತಮಾಷೆಯಲ್ಲ. ಅಲ್ ಐನ್‌ನ ಪೂರ್ವಕ್ಕೆ, ಬುರೈಮಿಯ ಆಚೆ ಕಾಣುವ ಆ ಕಪ್ಪು-ಕಂದು ಬಣ್ಣದ ಮೊನಚು ಬೆಟ್ಟಗಳಿವೆಯಲ್ಲ, ಅವು ಒಂದು ಕಾಲದ ಸಾಗರದ ನೆಲ. ಸಾಗರದ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ನೀರಿನ ಕೆಳಗೆ, ಕತ್ತಲಲ್ಲಿ ಹುಟ್ಟಿದ ಬಂಡೆಗಳು. ಹಡಗು, ಸಬ್‌ಮರೀನ್, ಕೋಟಿಗಟ್ಟಲೆ ಡಾಲರ್ ಇದ್ದರೂ ಒಂದು ಸಣ್ಣ ಭಾಗ ಮಾತ್ರ ನೋಡಸಿಗುವ ಜಾಗವನ್ನು ನಾವು ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಮುಟ್ಟಿ ಬರಬಹುದು.

ಈ ಲೇಖನ ಬರೆಯಲು ಕಾರಣ ನನ್ನ ಮಗಳು. ಈಗ ಹನ್ನೆರಡನೇ ತರಗತಿ. ಕಾಲೇಜಿನ ಅರ್ಜಿ ತುಂಬುವ ಕಾಲ. ಎಲ್ಲ ಮನೆಗಳಲ್ಲೂ ನಡೆಯುವ ಇಂಜಿನಿಯರಿಂಗೋ ಮೆಡಿಕಲ್ಲೋ ಎನ್ನುವ ಚರ್ಚೆಯ ಮಧ್ಯೆ ಅವಳು "ನನಗೆ ಜಿಯಾಲಜಿ" ಅಂದುಬಿಟ್ಟಳು. ಅದಕ್ಕೆ ಬೆಂಬಲವಾಗಿ ನಿಲ್ಲಬೇಕಾದವನು ನಾನೇ. ಏಕೆಂದರೆ ಮಾನಸಗಂಗೋತ್ರಿಯಲ್ಲಿ ನಾನು ಓದಿದ್ದೂ ಅದನ್ನೇ. ಆದರೆ ಆ ಮಾತು ಕೇಳಿ ಮೊದಲು ಹೆದರಿದವನೂ ನಾನೇ! ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಬಂಡೆ.

ಭೂಮಿಯ ಸಾಗರಗಳ ನಡುವೆ ನೀರಿನ ಕೆಳಗೆ ಒಂದು ಪರ್ವತಶ್ರೇಣಿ ಇದೆ. ಕ್ರಿಕೆಟ್ ಚೆಂಡಿನ ಹೊಲಿಗೆಯಂತೆ ಅದು ಇಡೀ ಭೂಮಿಯನ್ನು ಸುತ್ತಿದೆ, ಉದ್ದ ಸುಮಾರು 65,000 ಕಿಲೋಮೀಟರ್. ಹಿಮಾಲಯ ಇದರ ಮುಂದೆ ಗಿಡ್ಡ. ಈ ಶ್ರೇಣಿಯ ನೆತ್ತಿಯಲ್ಲಿ ಭೂಮಿಯ ಕವಚ ಸೀಳಿಕೊಂಡಿದೆ. ಎರಡೂ ಬದಿಯ ಫಲಕಗಳು ದೂರ ಸರಿಯುತ್ತವೆ, ಸಂದಿಯಲ್ಲಿ ಕೆಳಗಿನಿಂದ ಶಿಲಾರಸ ಉಕ್ಕುತ್ತದೆ, ಹೆಪ್ಪುಗಟ್ಟುತ್ತದೆ, ಹೊಸ ನೆಲವಾಗುತ್ತದೆ. ಮತ್ತೆ ಸೀಳು, ಮತ್ತೆ ಶಿಲಾರಸ. ವೇಗ ಎಷ್ಟು ಅಂತೀರಾ? ವರ್ಷಕ್ಕೆ ಕೆಲವು ಸೆಂಟಿಮೀಟರ್, ನಮ್ಮ ಉಗುರು ಬೆಳೆಯುವಷ್ಟು. ಉಗುರಿನ ವೇಗವೇ ಸಾಕಾಯಿತು, ಅಟ್ಲಾಂಟಿಕ್ ಸಾಗರ ಹಾಗೆಯೇ ಹುಟ್ಟಿದ್ದು.

ಈ ಮಾತನ್ನು ಜಗತ್ತು ಒಪ್ಪಿದ್ದು ಬಹಳ ತಡವಾಗಿ. ಮತ್ತು ಅದನ್ನು ಒಪ್ಪಿಸಿದ ಪುರಾವೆಗಳಲ್ಲಿ ಒಂದು ಬಂದದ್ದು ನಮ್ಮ ಅರಬ್ಬೀ ಸಮುದ್ರದ ಕಡೆಯಿಂದ. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಂಗಳೂರಿನಿಂದ ದುಬೈಗೆ ಬರುವ ವಿಮಾನದ ದಾರಿಗಿಂತ ಬಹಳ ದಕ್ಷಿಣಕ್ಕೆ, ಸೊಕೊಟ್ರಾ ದ್ವೀಪದ ಆಚೆಯಿಂದ ಶುರುವಾಗಿ ಆಗ್ನೇಯಕ್ಕೆ ಭೂಮಧ್ಯರೇಖೆಯ ತನಕ, ಸಮುದ್ರದ ಅಡಿಯಲ್ಲಿ ಕಾರ್ಲ್ಸ್‌ಬರ್ಗ್ ಶ್ರೇಣಿ ಇದೆ. ಹೌದು, ಬಿಯರ್ ಹೆಸರೇ. 1928ರಿಂದ 30ರವರೆಗೆ ಭೂಮಿ ಸುತ್ತಿದ ಡೆನ್ಮಾರ್ಕಿನ 'ಡಾನಾ' ಹಡಗಿನ ಯಾತ್ರೆಗೆ ಹಣ ಕೊಟ್ಟಿದ್ದು ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನ. ಅದಕ್ಕೇ ಆ ಹೆಸರು. 1962ರಲ್ಲಿ ಬ್ರಿಟಿಷ್ ಹಡಗು ಎಚ್.ಎಂ.ಎಸ್. ಓವನ್ ಈ ಶ್ರೇಣಿಯ ಮೇಲೆ ಅತ್ತಿಂದಿತ್ತ ಓಡಾಡಿ ಸಮುದ್ರತಳದ ಕಾಂತತ್ವವನ್ನು ಅಳೆಯಿತು. ಹಡಗಿನಲ್ಲಿದ್ದವರು ಕೇಂಬ್ರಿಜ್‌ನ ಡ್ರಮಂಡ್ ಮ್ಯಾಥ್ಯೂಸ್. ಆ ಅಂಕಿಅಂಶಗಳನ್ನು ಅವರ ವಿದ್ಯಾರ್ಥಿ ಫ್ರೆಡ್ ವೈನ್ ಕೂತು ವಿಶ್ಲೇಷಿಸಿದರು.

ಕರಗಿದ ಬಸಾಲ್ಟ್ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆ ಕ್ಷಣದ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಉತ್ತರ-ದಕ್ಷಿಣ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ (ಆಗಾಗ ಅಂದರೆ ಲಕ್ಷಾಂತರ ವರ್ಷಕ್ಕೊಮ್ಮೆ, ನಾಳೆ ಬೆಳಿಗ್ಗೆ ಅಲ್ಲ). ಹಾಗಾದರೆ ನೆಲ ನಡುವಿನಿಂದ ಎರಡೂ ಕಡೆಗೆ ಹರಡುತ್ತಿದ್ದರೆ ಏನಾಗಬೇಕು? ಒಮ್ಮೆ ಸರಿ, ಒಮ್ಮೆ ತಿರುಗುಮುರುಗು ಎನ್ನುವ ಪಟ್ಟೆಗಳು ಮೂಡಬೇಕು, ಇಳಕಲ್ ಸೀರೆಯ ಪಟ್ಟೆಗಳ ಹಾಗೆ. ಅಷ್ಟೇ ಅಲ್ಲ, ಸೀಳಿನ ಎಡಕ್ಕೂ ಬಲಕ್ಕೂ ಒಂದೇ ಕ್ರಮದಲ್ಲಿ ಇರಬೇಕು. ಕಾರ್ಲ್ಸ್‌ಬರ್ಗ್ ಶ್ರೇಣಿಯ ಅಳತೆಗಳನ್ನು ಇಟ್ಟುಕೊಂಡು ವೈನ್ ಮತ್ತು ಮ್ಯಾಥ್ಯೂಸ್ ಈ ವಿವರಣೆಯನ್ನು 1963ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆನಡಾದ ಲಾರೆನ್ಸ್ ಮಾರ್ಲೆ ಎಂಬವರು ಅದೇ ವರ್ಷ ಇದೇ ಮಾತನ್ನು ಸ್ವತಂತ್ರವಾಗಿ ಬರೆದು ಕಳಿಸಿದ್ದರು. ಎರಡು ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದವು! ವಿಜ್ಞಾನದಲ್ಲೂ ನಸೀಬು ಬೇಕು ನೋಡಿ.

ಅದಕ್ಕೂ ಹತ್ತು ವರ್ಷ ಮೊದಲು ಅಮೆರಿಕದಲ್ಲಿ ಮೇರಿ ಥಾರ್ಪ್ ಎಂಬ ಮಹಿಳೆ, ಹಡಗುಗಳು ತಂದ ಆಳದ ಅಳತೆಗಳನ್ನು ಕಾಗದದ ಮೇಲೆ ಗುರುತಿಸುತ್ತಾ ಹೋಗಿ, ಅಟ್ಲಾಂಟಿಕ್ ಶ್ರೇಣಿಯ ನಡುವೆ ಉದ್ದಕ್ಕೂ ಒಂದು ಕಂದರ ಇದೆ ಎಂದು ಪತ್ತೆ ಮಾಡಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಜನ್ ಮೊದಲು ಅದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದ್ದರಂತೆ. ಆಗ ಹೆಂಗಸರಿಗೆ ಆ ಸಂಶೋಧನಾ ಹಡಗುಗಳನ್ನು ಹತ್ತಲೂ ಬಿಡುತ್ತಿರಲಿಲ್ಲ. ಆಕೆ ಸಮುದ್ರಯಾನಕ್ಕೆ ಹೋಗಲು 1968ರ ತನಕ ಕಾಯಬೇಕಾಯಿತು. ಈ ಕಥೆಯನ್ನು ನಾನು ಕ್ಲಾಸಿನಲ್ಲಿ ಕೇಳಿದವನಲ್ಲ, ನನಗೆ ಹೇಳಿದ್ದು ಮಗಳು. ಅದೂ ಊಟದ ಮೇಜಿನ ಮೇಲೆ, ಅವಳ ಅಜ್ಜಿ "ಹೆಣ್ಣುಮಗು ಬೆಟ್ಟ ಸುತ್ತಿಕೊಂಡು ಕಲ್ಲು ಒಡೆಯೋ ಕೆಲಸ ಮಾಡೋದೇನೋ?" ಎಂದು ನನ್ನನ್ನು ಕೇಳಿದ ಮರುಕ್ಷಣವೇ!

ಸರಿ, ಸಮುದ್ರತಳ ಸಮುದ್ರದ ತಳದಲ್ಲೇ ಇರಬೇಕಲ್ಲವೇ? ಅದು ಬುರೈಮಿಯ ಆಚೆಗೆ ಹೇಗೆ ಬಂತು?

ಸುಮಾರು 9 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅರೇಬಿಯದ ಈಶಾನ್ಯಕ್ಕೆ ಟೆಥಿಸ್ ಎಂಬ ಸಾಗರವಿತ್ತು. ಅಲ್ಲಿ ನೆಲ ಸೀಳಿ ಹೊಸ ಸಾಗರತಳ ಹುಟ್ಟುತ್ತಿತ್ತು. ಸಾಮಾನ್ಯವಾಗಿ ಸಾಗರತಳದ ಕಲ್ಲು ಭಾರ, ಭೂಖಂಡದ ಕಲ್ಲು ಹಗುರ. ಎರಡೂ ಎದುರುಬದುರಾದರೆ ಸಾಗರತಳವೇ ಕೆಳಗೆ ತೂರಿ ಮುಳುಗಿಹೋಗುತ್ತದೆ. ಹಾಗಾಗಿಯೇ ಹಳೆಯ ಸಾಗರಗಳ ನೆಲ ನಮಗೆ ಸಿಗುವುದೇ ಅಪರೂಪ. ಇಲ್ಲಿ ಮಾತ್ರ ಉಲ್ಟಾ ಆಯಿತು. ಅರೇಬಿಯದ ಅಂಚು ಆ ಹೊಸ ಸಾಗರತಳದ ಕೆಳಗೆ ಎಳೆದುಕೊಂಡು ಹೋಯಿತು, ಸ್ವಲ್ಪ ದೂರ ಹೋಗಿ ಸಿಕ್ಕಿಹಾಕಿಕೊಂಡಿತು. ಹಗುರವಾದದ್ದು ಎಷ್ಟು ಹೊತ್ತು ಕೆಳಗಿದ್ದೀತು? ಬಕೆಟ್ಟಿನಲ್ಲಿ ಒತ್ತಿ ಹಿಡಿದ ತೆಂಗಿನಕಾಯಿಯಂತೆ ಮೇಲೆ ಬಂತು, ಬರುವಾಗ ತನ್ನ ಬೆನ್ನ ಮೇಲೆ ಕುಳಿತಿದ್ದ ಸಾಗರತಳವನ್ನೂ ಹೊತ್ತು ತಂದಿತು. ಸುಮಾರು 7 ಕೋಟಿ ವರ್ಷಗಳ ಹಿಂದಿನ ಹೊತ್ತಿಗೆ ಈ ಕೆಲಸ ಮುಗಿದಿತ್ತು.

ಹೀಗೆ ನೆಲಕ್ಕೇರಿದ ಸಾಗರತಳಕ್ಕೆ ಭೂವಿಜ್ಞಾನದಲ್ಲಿ ಓಫಿಯೊಲೈಟ್ ಎನ್ನುತ್ತಾರೆ. ಗ್ರೀಕಿನಲ್ಲಿ 'ಓಫಿಸ್' ಎಂದರೆ ಹಾವು. ನೀರು ಕುಡಿದು ಹಸಿರಾದ ಈ ಕಲ್ಲಿನ ಹೊಳಪು ಹಾವಿನ ಚರ್ಮದಂತೆಯೇ ಇರುತ್ತದೆ. ಜಗತ್ತಿನಲ್ಲಿ ಅತ್ಯಂತ ದೊಡ್ಡದಾಗಿ, ಅತ್ಯಂತ ಚೆನ್ನಾಗಿ ಕಾಣಸಿಗುವ ಓಫಿಯೊಲೈಟ್ ಒಮಾನ್ ಮತ್ತು ಯುಎಇಯ ಈ ಬೆಟ್ಟಗಳೇ. ಹೆಸರು ಸೆಮೈಲ್ ಓಫಿಯೊಲೈಟ್, ಉದ್ದ ಸುಮಾರು 500 ಕಿಲೋಮೀಟರ್. ನಮ್ಮ ಮಲೆನಾಡಿನಂತೆ ಇಲ್ಲಿ ಮರಗಿಡ ಮುಚ್ಚಿಕೊಂಡಿಲ್ಲ. ಬೋಳು ಬೆಟ್ಟ ಎಂದು ನಾವು ಮೂಗು ಮುರಿಯುವುದೇ ಭೂವಿಜ್ಞಾನಿಗಳಿಗೆ ಹಬ್ಬ.

ಅಂದ ಹಾಗೆ ಒಂದು ಎಚ್ಚರಿಕೆ. ನಮ್ಮ ಜೆಬೆಲ್ ಹಫೀತ್ ಈ ಲೆಕ್ಕಕ್ಕೆ ಸೇರುವುದಿಲ್ಲ! ನೆಂಟರು ಬಂದಾಗಲೆಲ್ಲ ನಾವು ಕಾರು ಹತ್ತಿಸುವ ಆ ಬೆಟ್ಟ ಸುಣ್ಣಕಲ್ಲು. ಆಮೇಲೆ ಬಂದ, ಬೆಚ್ಚಗಿನ, ಆಳವಿಲ್ಲದ ಸಮುದ್ರದಲ್ಲಿ ಚಿಪ್ಪು ಹವಳಗಳು ಸೇರಿ ಆದದ್ದು, ಬಹಳ ತಡವಾಗಿ ಮಡಿಚಿ ಎದ್ದದ್ದು. ಊರಿನ ಈಶಾನ್ಯಕ್ಕಿರುವ ಜೆಬೆಲ್ ಹುವಯ್ಯಾ, ಎಲ್ಲರೂ ಫಾಸಿಲ್ ವ್ಯಾಲಿ ಎನ್ನುವುದು, ಇದಕ್ಕಿಂತ ಸ್ವಾರಸ್ಯಕರ. ಅಲ್ಲಿ ಕೆಳಗೆ ಓಫಿಯೊಲೈಟ್, ಅದರ ಮೇಲೆ ಚಿಪ್ಪುಗಳ ಪಳೆಯುಳಿಕೆ ತುಂಬಿದ ಸುಣ್ಣಕಲ್ಲು. ಅಂದರೆ ಮೇಲೆದ್ದ ಸಾಗರತಳ ಸವೆದು, ಅದರ ಮೇಲೆ ಮತ್ತೆ ಸಮುದ್ರ ಬಂದು ಕೂತ ದಾಖಲೆ, ಅದೂ ಡೈನೋಸಾರ್‌ಗಳು ಇನ್ನೂ ಬದುಕಿದ್ದ ಕಾಲದಲ್ಲೇ.

ಅಸಲಿ ತಳ ನೋಡಬೇಕೆಂದರೆ ಬುರೈಮಿಯಿಂದ ಸೊಹಾರ್‌ಗೆ ಹೋಗುವ ರಸ್ತೆ ಹಿಡಿಯಬೇಕು. ನೂರು ಕಿಲೋಮೀಟರಿನ ಆಸುಪಾಸು. ದಾರಿ ವಾದಿ ಜಿಝಿ ಎಂಬ ಕಣಿವೆಯಲ್ಲಿ ಹಾದುಹೋಗುತ್ತದೆ. ಈ ಬೆಟ್ಟಗಳ ಪದರಗಳು ಸ್ಥೂಲವಾಗಿ ಪೂರ್ವಕ್ಕೆ ವಾಲಿವೆ. ಆದ್ದರಿಂದ ಅಲ್ ಐನ್ ಕಡೆಯಿಂದ ಹೊರಟವರು ಮೊದಲು ಅತ್ಯಂತ ಕೆಳಗಿನ ಪದರವನ್ನು ಕಾಣುತ್ತಾರೆ, ಸೊಹಾರ್ ಹತ್ತಿರವಾದಂತೆ ಮೇಲಿನ ಪದರಕ್ಕೆ ಬರುತ್ತಾರೆ. ಪಾತಾಳದಿಂದ ಸಮುದ್ರದ ನೆಲಕ್ಕೆ ಕಾರಿನಲ್ಲಿ ಏರಿ ಬಂದಂತೆ! ನಾವು ಹೋದ ದಿನ ಮಗಳು ಮುಂದಿನ ಸೀಟಿನಲ್ಲಿ ನಕಾಶೆ ಹಿಡಿದು ಕೂತಿದ್ದಳು. ಹೆಂಡತಿ ಹಿಂದಿನ ಸೀಟಿನಲ್ಲಿ "ಎಲ್ಲಾ ಒಂದೇ ಥರ ಕಾಣುತ್ತಲ್ರೀ" ಎನ್ನುತ್ತಿದ್ದಳು. ಮೊದಲ ಅರ್ಧ ಗಂಟೆ ನಿಜಕ್ಕೂ ಹಾಗೇ ಕಾಣುತ್ತದೆ.

ಕೆಳಗಿನ ಪದರ ಪೆರಿಡೊಟೈಟ್, ಕಂದು ಬಣ್ಣದ ಒರಟು ಕಲ್ಲು. ಇದು ಭೂಮಿಯ ಮ್ಯಾಂಟಲ್, ಅಂದರೆ ನಾವು ನಿಂತಿರುವ ಕವಚದ ಕೆಳಗಿನ ಒಳಭಾಗ. ಒಡೆದು ನೋಡಿದರೆ ಒಳಗೆ ಕಡು ಹಸಿರು. ದುಬೈನವರೇ, ನೀವು ಹತ್ತಾಕ್ಕೆ ಕಯಾಕಿಂಗ್ ಎಂದು ಹೋಗುತ್ತೀರಲ್ಲ, ಅಲ್ಲಿ ಸುತ್ತ ಕಾಣುವ ಬೆಟ್ಟಗಳಲ್ಲೂ ಇದೇ ಕಲ್ಲು. ಇದಕ್ಕೆ ತಲುಪಬೇಕೆಂದು ಅಮೆರಿಕದವರು 1961ರಲ್ಲಿ 'ಪ್ರಾಜೆಕ್ಟ್ ಮೋಹೋಲ್' ಎಂದು ಸಮುದ್ರದಲ್ಲಿ ಕೊರೆಯಲು ಹೊರಟರು. ಸಮುದ್ರತಳದಿಂದ 183 ಮೀಟರ್ ಕೊರೆದದ್ದೇ ಬಂತು. ಖರ್ಚು ಏರಿ 1966ರಲ್ಲಿ ಯೋಜನೆಯೇ ನಿಂತಿತು. ಅದಾಗಿ ದಶಕಗಳ ನಂತರ, 2023ರಲ್ಲಿ 'ಜಾಯ್ಡೆಸ್ ರೆಸಲ್ಯೂಶನ್' ಹಡಗು ಅಟ್ಲಾಂಟಿಕ್‌ನಲ್ಲಿ ಮ್ಯಾಂಟಲ್ ಕಲ್ಲು ಮೇಲೆದ್ದಿರುವ ಜಾಗದಲ್ಲಿ 1268 ಮೀಟರ್ ಕೊರೆಯಿತು. ಮರುವರ್ಷವೇ ಆ ಹಡಗು ನಿವೃತ್ತಿಯಾಯಿತು. ಇಲ್ಲಿಯೋ, ಚಪ್ಪಲಿ ಹಾಕಿಕೊಂಡೇ ನಡೆಯಬಹುದು (ಶೂ ವಾಸಿ, ಕಲ್ಲು ಚೂಪು).

ಅದರ ಮೇಲೆ ಗ್ಯಾಬ್ರೊ. ಸೀಳಿನ ಕೆಳಗಿದ್ದ ಶಿಲಾರಸದ ಕೊಳ ನಿಧಾನವಾಗಿ ತಣಿದು ಆದ ಕಲ್ಲು, ಕಪ್ಪು-ಬಿಳಿ ಚುಕ್ಕೆ, ಕೆಲವೆಡೆ ಪದರ ಪದರ. ಅದರ ಮೇಲಿನದ್ದು ನನಗೆ ಇಡೀ ಬೆಟ್ಟದಲ್ಲೇ ಅಚ್ಚುಮೆಚ್ಚು: ಡೈಕ್‌ಗಳ ಗೋಡೆ.

ಕೊಳದಿಂದ ಮೇಲೇರುವ ಶಿಲಾರಸ ಸಂದಿಯಲ್ಲಿ ಗೋಡೆಯಂತೆ ತೆಳ್ಳಗೆ ಗಟ್ಟಿಯಾಗುತ್ತದೆ. ಬಿಸಿ ಕಲ್ಲು ಪಕ್ಕದ ತಣ್ಣನೆಯ ಕಲ್ಲಿಗೆ ತಗುಲಿದ ಅಂಚಿನಲ್ಲಿ ಬೇಗ ತಣಿದು ಕಾಳು ನುಣ್ಣಗಾಗುತ್ತದೆ, ನಡುವೆ ಕಾಳು ದಪ್ಪ. ಹೀಗೆ ಒಂದು ಗೋಡೆಗೆ ಎರಡು ನುಣ್ಣನೆಯ ಅಂಚು ಇರಬೇಕು, ಎಡಕ್ಕೊಂದು ಬಲಕ್ಕೊಂದು. ಆದರೆ ಇಲ್ಲಿ ಎಷ್ಟೋ ಗೋಡೆಗಳಿಗೆ ಒಂದೇ ಅಂಚು! ಇನ್ನೊಂದು ಎಲ್ಲಿ? ಹಳೆಯ ಗೋಡೆಯ ನಡುವೆಯೇ ಸೀಳಿಕೊಂಡು ಹೊಸ ಶಿಲಾರಸ ನುಗ್ಗಿದೆ. ಹಳೆಯದರ ಒಂದರ್ಧ ಈ ಕಡೆಗೆ, ಇನ್ನೊಂದರ್ಧ ಆ ಕಡೆಗೆ. ಬಸ್ ಸ್ಟ್ಯಾಂಡಿನ ಕ್ಯೂನಲ್ಲಿ ಮಧ್ಯಕ್ಕೇ ನುಗ್ಗುವವರಿರುತ್ತಾರಲ್ಲ, ಹಾಗೆ. ಬಂದವರೆಲ್ಲ ಮಧ್ಯಕ್ಕೇ ನುಗ್ಗಿದರೆ ಮೊದಲೇ ನಿಂತಿದ್ದವರು ಎರಡು ಬದಿಗೆ ದೂರ ದೂರ ಸರಿಯುತ್ತಾರೆ. ಸಾಗರತಳ ಅಗಲವಾಗುವುದು ಎಂದರೆ ಇದೇ, ಬೇರೇನೂ ಅಲ್ಲ. ನೂರಾರು ಮೀಟರ್ ಉದ್ದಕ್ಕೂ ಡೈಕಿನ ಪಕ್ಕ ಡೈಕು, ನಡುವೆ ಬೇರೆ ಕಲ್ಲೇ ಇಲ್ಲ. ಇಂಥ ಗೋಡೆ ನಿಲ್ಲಬೇಕಾದರೆ ನೆಲ ಅಷ್ಟೂ ದೂರ ಸರಿದಿರಲೇಬೇಕು. ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದ ನನಗೆ ಇದು ಮನಸ್ಸಿಗೆ ಇಳಿದದ್ದು ಅಲ್ಲಿ ನಿಂತು ಬೆರಳಾಡಿಸಿದಾಗ.

ಕೊನೆಗೆ ಮೇಲಿನ ಪದರ, ದಿಂಬು ಲಾವಾ. 1200 ಡಿಗ್ರಿಯ ಆಸುಪಾಸಿನ ಲಾವಾ ಕೊರೆಯುವ ತಣ್ಣೀರಿಗೆ ಬಿದ್ದ ಕ್ಷಣವೇ ಮೇಲೆ ಗಾಜಿನ ಸಿಪ್ಪೆ ಕಟ್ಟುತ್ತದೆ, ಒಳಗೆ ಇನ್ನೂ ದ್ರವ. ಒತ್ತಡಕ್ಕೆ ಸಿಪ್ಪೆ ಬಿರಿದು ಇನ್ನೊಂದು ಉಂಡೆ ಹೊರಬರುತ್ತದೆ. ಮೇಲೆ ಮೇಲೆ ಬಿದ್ದ ಉಂಡೆಗಳು ಹಾಸಿಗೆ ಅಂಗಡಿಯ ದಿಂಬುಗಳ ರಾಶಿಯಂತೆ ಕಾಣುತ್ತವೆ. ಮೇಲ್ಭಾಗ ಉಬ್ಬು, ಕೆಳಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದ ಚೂಪು ಬಾಲ. ಬೆಟ್ಟ ತಲೆಕೆಳಗಾಗಿದ್ದರೂ ಆ ಬಾಲ ನೋಡಿ ಮೂಲ ಮೇಲು ಯಾವುದು, ಕೆಳಗು ಯಾವುದು ಹೇಳಬಹುದು. ವಾದಿ ಜಿಝಿಯ ಒಂದು ದಿಂಬುರಾಶಿಯ ಚಿತ್ರ 1975ರ ಆಗಸ್ಟ್‌ನಲ್ಲಿ 'ಜಿಯೊಟೈಮ್ಸ್' ಪತ್ರಿಕೆಯ ಮುಖಪುಟದಲ್ಲಿ ಬಂತು. ಅಂದಿನಿಂದ ಆ ಲಾವಾಕ್ಕೆ 'ಜಿಯೊಟೈಮ್ಸ್ ಲಾವಾ' ಎಂದೇ ಹೆಸರು ನಿಂತಿದೆ. ಮುಖಪುಟದಿಂದ ಒಂದು ಬಂಡೆಗೆ ಹೆಸರು ಬಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹೆಂಡತಿ ಆ ರಾಶಿಯ ಮುಂದೆ ನಿಂತು, "ಇಡ್ಲಿ ಪಾತ್ರೆ ಮಗುಚಿದ ಹಾಗಿದೆ" ಅಂದಳು. ಅಂದಮೇಲೆ ಅವಳಿಗೂ ಕಂಡಿತು ಎಂದಾಯಿತು.

ಇಷ್ಟು ಹೇಳಿ ಒಂದು ತಕರಾರನ್ನು ಮುಚ್ಚಿಡುವುದು ಸರಿಯಲ್ಲ. ಈ ಕಲ್ಲುಗಳು ಅಟ್ಲಾಂಟಿಕ್‌ನ ನಡುಶ್ರೇಣಿಯಂಥದೇ ಜಾಗದಲ್ಲಿ ಹುಟ್ಟಿದವೇ ಎಂಬ ಬಗ್ಗೆ ಭೂವಿಜ್ಞಾನಿಗಳು ದಶಕಗಳಿಂದ ಜಗಳವಾಡುತ್ತಿದ್ದಾರೆ. ಲಾವಾದ ರಾಸಾಯನಿಕ ಗುಣ ನೋಡಿದರೆ, ಒಂದು ಫಲಕ ಇನ್ನೊಂದರ ಕೆಳಗೆ ತೂರಲು ಶುರುಮಾಡಿದ ಜಾಗದ ಮೇಲ್ಗಡೆ ನೆಲ ಹಿಗ್ಗಿ ಇವು ಹುಟ್ಟಿರಬೇಕು ಎಂದು ಈಗ ಬಹಳ ಜನ ಹೇಳುತ್ತಾರೆ. ನೆಲ ಸೀಳಿ ಹರಡಿದ್ದರಲ್ಲಿ ಯಾರಿಗೂ ಅನುಮಾನವಿಲ್ಲ, ಎಲ್ಲಿ ಎಂಬುದರಲ್ಲಿ ಮಾತ್ರ ಜಗಳ. ಇನ್ನೊಂದು ವಿಚಿತ್ರ: ನಾನು ಮೇಲೆ ಹೇಳಿದ ಇಳಕಲ್ ಪಟ್ಟೆಗಳು ಇಲ್ಲಿ ಸಿಗುವುದಿಲ್ಲ. ಸುಮಾರು 12 ಕೋಟಿಯಿಂದ 8 ಕೋಟಿ 30 ಲಕ್ಷ ವರ್ಷಗಳ ಹಿಂದಿನ ತನಕ ಭೂಮಿಯ ಕಾಂತಧ್ರುವಗಳು ಅದಲುಬದಲಾಗದೆ ಸುಮ್ಮನಿದ್ದವು. ಈ ನೆಲ ಹುಟ್ಟಿದ್ದು ಸರಿಯಾಗಿ ಆ ನಡುವೆ! 2016ರಿಂದ 2018ರವರೆಗೆ ಒಮಾನ್ ಡ್ರಿಲ್ಲಿಂಗ್ ಪ್ರಾಜೆಕ್ಟ್ ಎಂದು ಹಲವು ದೇಶಗಳ ವಿಜ್ಞಾನಿಗಳು ಈ ಬೆಟ್ಟಗಳನ್ನು ಕೊರೆದು ಒಟ್ಟು ಮೂರು ಕಿಲೋಮೀಟರಿಗೂ ಹೆಚ್ಚು ಕಲ್ಲಿನ ಕೊಳವೆಗಳನ್ನು ತೆಗೆದರು. ಅವನ್ನು ಪರೀಕ್ಷಿಸಲು ಒಯ್ದದ್ದು ಜಪಾನಿನ 'ಚಿಕ್ಯು' ಹಡಗಿಗೆ. ಸಮುದ್ರತಳವನ್ನು ನೆಲದಲ್ಲಿ ಕೊರೆದು ಹಡಗಿಗೆ ಒಯ್ಯುವುದು ಎಂದರೆ...!

ನಮ್ಮ ಅಲ್ ಐನ್‌ಗೂ ಈ ಕಲ್ಲಿಗೂ ನಂಟು ಇಂದಿನದಲ್ಲ. ಸಾಗರದ ಸೀಳಿನಲ್ಲಿ ನೀರು ಕಲ್ಲಿನ ಬಿರುಕುಗಳಿಗೆ ಇಳಿದು, ಕಾದು, ಲೋಹಗಳನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತದೆ. 1979ರಲ್ಲಿ ಶಾಂತಸಾಗರದಲ್ಲಿ 'ಆಲ್ವಿನ್' ಸಬ್‌ಮರೀನ್‌ನಲ್ಲಿ ಇಳಿದವರು 350 ಡಿಗ್ರಿಯ ಕಪ್ಪು ನೀರು ಹೊಗೆಯಂತೆ ಉಗುಳುವ ಚಿಮಣಿಗಳನ್ನು ಕಂಡರು. ಆ ಕಪ್ಪು ಹೊಗೆ ತಣಿದಾಗ ತಾಮ್ರ, ಸತು, ಗಂಧಕದ ಅದಿರು ರಾಶಿ ಬೀಳುತ್ತದೆ. ಸೊಹಾರ್ ಬೆಟ್ಟಗಳ ಲಸೈಲ್‌ನ ತಾಮ್ರ ಹೀಗೇ ಆದದ್ದು. ಮೆಸೊಪೊಟೇಮಿಯದ ಮಣ್ಣಿನ ಫಲಕಗಳಲ್ಲಿ ತಾಮ್ರದ ನಾಡು ಎಂದು ಬರುವ 'ಮಗಾನ್' ಈ ಸೀಮೆಯೇ. ಜೆಬೆಲ್ ಹಫೀತ್ ಬುಡದ 5000 ವರ್ಷದ ಗೋರಿಗಳು, ಹಿಲಿಯ ಗೋರಿಗಳು ಎಲ್ಲ ಆ ತಾಮ್ರದ ವ್ಯಾಪಾರದ ಕಾಲದವು. 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಹಿಲಿ ಪಾರ್ಕಿನಲ್ಲಿ ನಾವು ರಾಜ್ಯೋತ್ಸವದ ಮಾರನೆಯ ವಾರ ಪಿಕ್‌ನಿಕ್ ಮಾಡುತ್ತೇವಲ್ಲ, ಮುಂದಿನ ಸಲ ಆ ದೊಡ್ಡ ಗೋರಿಯ ಕಡೆಗೂ ಒಮ್ಮೆ ನೋಡಿ.

ಈಗ ನಮ್ಮೂರಿನ ಮಾತು. ವಾದಿ ಜಿಝಿಯ ದಿಂಬುಗಳನ್ನು ನೋಡಿ ನಾನು ಮಗಳಿಗೆ ಹೇಳಿದ್ದು: "ಇಂಥವನ್ನು ನಾನು ನಿನ್ನ ವಯಸ್ಸಿಗಿಂತ ಮೊದಲೇ ನೋಡಿದ್ದೇನೆ". ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಐಮಂಗಲ ಬರುತ್ತದೆ. ಅದರ ಹತ್ತಿರ ಮರಡಿಹಳ್ಳಿ. ಅಲ್ಲಿಯ ದಿಂಬು ಲಾವಾ ಸುಮಾರು 250 ಕೋಟಿ ವರ್ಷ ಹಳೆಯದು, ಒಮಾನ್‌ನದ್ದಕ್ಕಿಂತ ಇಪ್ಪತ್ತೈದು ಪಟ್ಟು! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿ ಕಾಪಾಡುತ್ತಿದ್ದಾರೆ. ಅದು ನೀರಿನ ಕೆಳಗೆ ಹೆಪ್ಪುಗಟ್ಟಿದ್ದು ಎಂಬುದರಲ್ಲಿ ಸಂಶಯವಿಲ್ಲ. ಅಷ್ಟು ಹಿಂದೆ ಭೂಫಲಕಗಳು ಇಂದಿನಂತೆಯೇ ಸರಿಯುತ್ತಿದ್ದವೇ ಎನ್ನುವುದು ಇನ್ನೂ ಚರ್ಚೆಯಲ್ಲಿರುವ ವಿಷಯ. ಆದರೆ ಹೋಲಿಕೆ ನೋಡಿ: ಸೊಹಾರ್‌ನ ಲಾವಾದ ಜೊತೆ ಲಸೈಲ್‌ನ ತಾಮ್ರ, ಚಿತ್ರದುರ್ಗದ ಲಾವಾದ ಜೊತೆ ಇಂಗಳದಾಳಿನ ತಾಮ್ರ. ಇಂಗಳದಾಳಿನಲ್ಲೂ ಒಂದು ಕಾಲಕ್ಕೆ ಗಣಿ ನಡೆದಿತ್ತು. ನಮ್ಮ ಕಡೆ ಹೊಲಕ್ಕೆ ಹೋಗುವವರು ಎಲೆಅಡಿಕೆ ಹಾಕಿಕೊಳ್ಳಲು ಕೂರುವ ಬಂಡೆಗೆ ಇಷ್ಟು ಕಥೆ.

ಕರಾವಳಿಯವರು ಬೇಸರ ಮಾಡಿಕೊಳ್ಳಬೇಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು ನಿಮ್ಮವು. ಅವು ಸಾಗರತಳದ ಬಸಾಲ್ಟ್ ಅಲ್ಲ, ಆದರೆ ಅದೇ ಕಥೆಯ ಮೊದಲ ಅಧ್ಯಾಯ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾದಾಗ ಉಕ್ಕಿದ ಲಾವಾ ಅದು. ಭೂಖಂಡ ಬಿರಿಯುವುದು ಮಲ್ಪೆಯಲ್ಲಿ, ಸಾಗರತಳ ಇಂದಿಗೂ ಹುಟ್ಟುತ್ತಿರುವುದು ಕಾರ್ಲ್ಸ್‌ಬರ್ಗ್‌ನಲ್ಲಿ, ಹುಟ್ಟಿದ ತಳ ನೆಲಕ್ಕೇರಿದ್ದು ಇಲ್ಲಿ. ಅರಬ್ಬೀ ಸಮುದ್ರದ ಸುತ್ತ ಮೂರೂ ಇವೆ, ಮತ್ತು ನಮ್ಮವರು ಆ ಸಮುದ್ರದ ಎರಡೂ ದಡದಲ್ಲಿದ್ದೇವೆ. ಕಾರ್ಲ್ಸ್‌ಬರ್ಗ್ ಶ್ರೇಣಿಯಲ್ಲಿ ಲೋಹದ ಅದಿರು ಹುಡುಕಲು ಭಾರತ 2025ರಲ್ಲಿ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿದೆ.

ಈಗ ನನ್ನ ಹೆದರಿಕೆಯ ಕಥೆ. ನಾನು ಓದುವಾಗ ಜಿಯಾಲಜಿ ಎಂದರೆ ಇಂಜಿನಿಯರಿಂಗ್ ಸೀಟು ಸಿಗದವರು ಸೇರುವ ವಿಷಯ ಎಂದೇ ಲೆಕ್ಕ. ಭಾರತೀಯ ಭೂವೈಜ್ಞಾನಿಕ ಸಂಘವನ್ನು 1958ರಲ್ಲಿ ಕಟ್ಟಿದವರಲ್ಲಿ ಪ್ರಮುಖರಾದ ಬಿ.ಪಿ. ರಾಧಾಕೃಷ್ಣ ಅವರಂಥವರು ಕನ್ನಡದಲ್ಲೇ ಭೂವಿಜ್ಞಾನ ಬರೆಯುತ್ತಿದ್ದರು. ಓದಿ ಪುಳಕಗೊಳ್ಳುತ್ತಿದ್ದೆವು. ಪುಳಕದಿಂದ ಮನೆ ನಡೆಯುವುದಿಲ್ಲವಲ್ಲ! ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಅಲೆದೆ. ಕೊನೆಗೆ ಗಲ್ಫಿಗೆ ಬಂದೆ. ಈಗ ನನ್ನ ಕೆಲಸ ಏನು ಗೊತ್ತೇ? ಕಾಂಕ್ರೀಟಿಗೆ, ಡಾಂಬರಿಗೆ ಹಾಕುವ ಜಲ್ಲಿಕಲ್ಲಿನ ಪರೀಕ್ಷೆ. ಜಲ್ಲಿ ಬರುವುದು ಬಹುಪಾಲು ಫುಜೈರಾದ ಕ್ವಾರಿಗಳಿಂದ. ಕಲ್ಲು ಯಾವುದು? ಗ್ಯಾಬ್ರೊ. ಮೇಲೆ ಹೇಳಿದ ಅದೇ ಗ್ಯಾಬ್ರೊ. ಗಟ್ಟಿ, ತೂಕದ ಕಲ್ಲು, ಹಡಗಿನಲ್ಲಿ ಕತಾರ್, ಕುವೈತ್‌ಗೂ ಹೋಗುತ್ತದೆ. ಒಂಬತ್ತೂವರೆ ಕೋಟಿ ವರ್ಷದ ಸಾಗರತಳವನ್ನು ದಿನವೂ ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ ಶೇಕಡಾವಾರು ಬರೆಯುವುದು ನನ್ನ ಹೊಟ್ಟೆಪಾಡು. ಅದಕ್ಕೆ ಬೇಜಾರಿಲ್ಲ. ಆ ಸಂಬಳದಲ್ಲೇ ಊರಲ್ಲಿ ಬೋರ್‌ವೆಲ್ ಕೊರೆಸಿದ್ದೇನೆ, ತಂಗಿಯ ಮದುವೆ ಮಾಡಿದ್ದೇನೆ. ಆದರೆ ಮಗಳಿಗೆ ಇದೇ ದಾರಿ ತೋರಿಸಲೇ ಎಂದರೆ ಕೈ ನಡುಗುತ್ತದೆ.

ಅವಳ ವಾದ ಬೇರೆ. "ಅಪ್ಪಾ, ನಿಮ್ಮ ಕಾಲಕ್ಕೂ ಈಗಿನದಕ್ಕೂ ವ್ಯತ್ಯಾಸ ಇದೆ" ಎಂದು ಶುರು ಮಾಡುತ್ತಾಳೆ. ವಾದಿಯಲ್ಲಿ ಪೆರಿಡೊಟೈಟಿನ ಬಿರುಕುಗಳಲ್ಲಿ ಬಿಳಿ ಎಳೆಗಳನ್ನು ನನಗೆ ತೋರಿಸಿದ್ದು ಅವಳೇ. ಗಾಳಿಯ, ನೀರಿನ ಇಂಗಾಲದ ಡೈಆಕ್ಸೈಡ್ ಆ ಕಲ್ಲಿನ ಮೆಗ್ನೀಸಿಯಂ ಜೊತೆ ಸೇರಿ ತಾನೂ ಕಲ್ಲಾಗಿಬಿಡುತ್ತದೆ. ಅದೇ ಬಿಳಿ ಎಳೆ. ಈ ಕೆಲಸವನ್ನು ಬೇಗ ಮಾಡಿಸಬಹುದೇ ಎಂದು 2023ರಲ್ಲಿ ಫುಜೈರಾದಲ್ಲಿ ಅಡ್ನಾಕ್ ಮತ್ತು ಒಮಾನ್‌ನ '44.01' ಎಂಬ ಕಂಪನಿ ಸೇರಿ ಅನಿಲವನ್ನು ನೀರಿನಲ್ಲಿ ಕರಗಿಸಿ ನೆಲದೊಳಕ್ಕೆ ಕಳಿಸುವ ಪ್ರಯೋಗ ಮಾಡಿದವು. ಅಂದಹಾಗೆ 44.01 ಎಂದರೆ ಇಂಗಾಲದ ಡೈಆಕ್ಸೈಡಿನ ಅಣುತೂಕ. ನನ್ನ ಗ್ಯಾಬ್ರೊ ಕಟ್ಟಡಕ್ಕೆ, ಅವಳ ಪೆರಿಡೊಟೈಟ್ ಹವೆಗೆ. ಯುಎಇ ವಿಶ್ವವಿದ್ಯಾಲಯ ನಮ್ಮ ಊರಲ್ಲೇ ಇದೆ, ಭೂವಿಜ್ಞಾನವನ್ನೂ ಕಲಿಸುತ್ತಾರೆ, ಫೀಲ್ಡ್ ಟ್ರಿಪ್‌ಗೆ ಜಗತ್ತೇ ಬಯಸುವ ಬೆಟ್ಟ ಒಂದು ಗಂಟೆ ದೂರದಲ್ಲಿದೆ ಎನ್ನುವುದು ಅವಳ ಕೊನೆಯ ಬಾಣ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅವಳ ಅಮ್ಮ ಮಾತ್ರ "ಕಂಪ್ಯೂಟರ್ ಸೈನ್ಸ್‌ಗೂ ಒಂದು ಅರ್ಜಿ ಇರಲಿ" ಎಂದಿದ್ದಾಳೆ. ಎರಡೂ ಅರ್ಜಿ ತುಂಬಿದ್ದಾಗಿದೆ. ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಬಳಗದಲ್ಲಿ ಈ ಕ್ಷೇತ್ರದಲ್ಲಿರುವವರು, ಮಕ್ಕಳನ್ನು ಇಂಥ ಓದಿಗೆ ಕಳಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಸಿಕ್ಕಾಗ ಒಂದು ಮಾತು ಹೇಳಿ. ನನಗಲ್ಲ, ಅವಳ ಅಮ್ಮನಿಗೆ.

ಚಳಿಗಾಲದಲ್ಲಿ, ಡಿಸೆಂಬರಿನ ಒಂದು ಶನಿವಾರ, ನಾಲ್ಕೈದು ಕುಟುಂಬ ಸೇರಿ ವಾದಿ ಜಿಝಿಗೆ ಹೋಗುವ ಯೋಚನೆ ಇದೆ. ಬರುವವರು ಸಂಘದ ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ಗಡಿ ದಾಟಬೇಕಾದ್ದರಿಂದ ಒಮಾನ್ ವೀಸಾ ನಿಯಮ ಮತ್ತು ಗಾಡಿಯ ಒಮಾನ್ ವಿಮೆ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ. ಪಾಸ್‌ಪೋರ್ಟ್ ಅವಧಿ ನೋಡಿ. ಗಡಿ ದಾಟಲಾಗದವರಿಗೆ ಹತ್ತಾ ಕಡೆಗೆ ಇನ್ನೊಂದು ತಂಡ ಮಾಡೋಣ, ಅಲ್ಲಿ ದಿಂಬು ಸಿಗದಿದ್ದರೂ ಪಾತಾಳದ ಕಲ್ಲು ಸಿಗುತ್ತದೆ. ಮಳೆಯ ಮುನ್ಸೂಚನೆ ಇದ್ದರೆ ವಾದಿಗೆ ಇಳಿಯುವುದೇ ಬೇಡ, ಪ್ರವಾಹ ಹೇಳಿ ಕೇಳಿ ಬರುವುದಿಲ್ಲ. ಸುತ್ತಿಗೆ ತರಬೇಡಿ, ದಿಂಬು ಒಡೆಯುವುದು ಬೇಡ. ಮಕ್ಕಳಿಗೆ ಭೂತಗನ್ನಡಿ ಕೊಟ್ಟು ಕಳಿಸಿ, ಗಾಜಿನ ಸಿಪ್ಪೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಚಿತ್ರಾನ್ನ ನಮ್ಮ ಮನೆಯದು, ಮೊಸರನ್ನ ಯಾರು ತರುತ್ತೀರಿ ಹೇಳಿ.